ಮನೆಗೆ ಬಂದ ಮರಿಗೆ ಮೊದಲು ಏನು ಹಾಕಬೇಕು?

ಮಳೆ ನಿಂತು ಚಳಿ ಶುರುವಾಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳೇ ಬೇರೆಯಾಗುತ್ತವೆ. ಹಸುವಿನ ಕೆಚ್ಚಲು ಬಾವು, ಕರುವಿನ ಹೊಟ್ಟೆಹುಳು ಹಿಂದೆ ಸರಿದು ನಾಯಿಮರಿಗಳು ಮುಂದೆ ಬರುತ್ತವೆ. ನಮ್ಮ ಕಡೆ ಬೀದಿ ನಾಯಿಗಳು ಹೆಚ್ಚಾಗಿ ಮರಿ ಹಾಕುವುದು ಈ ತಿಂಗಳುಗಳಲ್ಲೇ. ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ನಾನು ಕೆಲಸ ಮಾಡಿದ ಅಷ್ಟೂ ವರ್ಷ, ದೀಪಾವಳಿಯಿಂದ ಸಂಕ್ರಾಂತಿವರೆಗೆ, ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಯಾರಾದರೂ ರಟ್ಟಿನ ಡಬ್ಬ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಈ ಸಲ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಎಲ್ಲವೂ ಮರಿಗಳದ್ದೇ.

ಹದಿನೈದು ದಿನದ ಹಿಂದೆ ನಮ್ಮ ಬೀದಿಯ ಚರಂಡಿ ಪಕ್ಕ ಒಂದು ಕಂದು ಮರಿ ಒಂಟಿಯಾಗಿ ಸಿಕ್ಕಿತು. ಮನೆಗೆ ತಂದೆವು. ಸುಮಾರು 40 ದಿನದ್ದು ಇರಬಹುದು ಅಂತಾರೆ. ಮಕ್ಕಳು ದಿನಕ್ಕೆ ಮೂರು ನಾಲ್ಕು ಸಲ ಹಸುವಿನ ಹಾಲು, ಅದರಲ್ಲಿ ಬಿಸ್ಕತ್ತು ಅದ್ದಿ ಹಾಕುತ್ತಿದ್ದಾರೆ. ಬಟ್ಟಲು ನೆಕ್ಕಿ ಖಾಲಿ ಮಾಡುತ್ತದೆ. ಆದರೆ ನಾಲ್ಕು ದಿನದಿಂದ ಭೇದಿ. ಹೊಟ್ಟೆ ಮಾತ್ರ ಗುಡಾಣದ ಹಾಗೆ ಊದಿಕೊಂಡಿದೆ, ಬೆನ್ನು ಮೂಳೆ ಕೈಗೆ ಸಿಗುತ್ತದೆ. ಮೈ ತುಂಬ ಚಿಗಟ. ರಾತ್ರಿಯೆಲ್ಲ ಅಳುತ್ತದೆ. ಏನು ತಪ್ಪು ಮಾಡುತ್ತಿದ್ದೇವೆ?
ಗೃಹಿಣಿ, ತಿಪಟೂರು

ಪ್ರೀತಿಯಲ್ಲಿ ಏನೂ ತಪ್ಪಿಲ್ಲಮ್ಮ. ತಪ್ಪಿರುವುದು ಬಟ್ಟಲಲ್ಲಿ. ಹಾಲು ಇವತ್ತೇ ನಿಲ್ಲಿಸಿ.

ಹಾಲು ಅಂದರೆ ಅಮೃತ ಅಂತ ಬೆಳೆದವರು ನಾವು. ಮರಿ ಅಂದ ತಕ್ಷಣ ಕೈ ಹಾಲಿನ ಪಾತ್ರೆಗೇ ಹೋಗುತ್ತದೆ. ಆದರೆ ತಾಯಿ ನಾಯಿಯ ಹಾಲು ಹಸುವಿನ ಹಾಲಿನಂತಲ್ಲ. ಅದರಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಹಸುವಿನ ಹಾಲಿನ ಎರಡರಷ್ಟಿರುತ್ತವೆ. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಕಡಿಮೆ. ಹಸುವಿನ ಹಾಲಿನಲ್ಲಿ ಆ ಸಕ್ಕರೆ ಜಾಸ್ತಿ. ಅದು ಜೀರ್ಣವಾಗದೆ ಕರುಳಿನಲ್ಲಿ ಉಳಿದು ನೀರನ್ನು ಎಳೆದುಕೊಳ್ಳುತ್ತದೆ. ಅದೇ ನೀವು ನೋಡುತ್ತಿರುವ ಭೇದಿ. ಹಾಲಿಗೆ ನೀರು ಬೆರೆಸಿ ಕೊಡುವವರೂ ಇದ್ದಾರೆ. ಆಗ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸಿಗುವುದಿಲ್ಲ. ಇನ್ನು ಬಿಸ್ಕತ್ತು ಅಂದರೆ ಮೈದಾ ಮತ್ತು ಸಕ್ಕರೆ, ಅಷ್ಟೇ. ಮರಿ ನೆಕ್ಕಿ ಖಾಲಿ ಮಾಡುತ್ತದೆ ಅಂದರೆ ಅದಕ್ಕೆ ಒಗ್ಗುತ್ತಿದೆ ಅಂತ ಅರ್ಥ ಅಲ್ಲ. ಹಸಿದ ಮರಿ ಏನು ಹಾಕಿದರೂ ನೆಕ್ಕುತ್ತದೆ.

40 ದಿನಕ್ಕೆ ಮರಿಗೆ ಹಾಲುಹಲ್ಲು ಬಂದಿರುತ್ತವೆ. ಹಾಗಾಗಿ ಅಗಿದು ತಿನ್ನುವ ಮೆತ್ತನೆಯ ಊಟ ಕೊಡಬಹುದು. ಎರಡು ದಾರಿ ಇದೆ. ಒಂದು, ಮರಿಗಳಿಗೆಂದೇ ಬರುವ ಪ್ಯಾಕೆಟ್ ಆಹಾರ. ಪ್ಯಾಕೆಟ್ ಮೇಲೆ ಪಪ್ಪಿ ಅಥವಾ ಸ್ಟಾರ್ಟರ್ ಅಂತ ಇರಬೇಕು, ದೊಡ್ಡ ನಾಯಿಗಳದ್ದು ಬೇಡ. ಉಗುರು ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಬೆರಳಲ್ಲಿ ಕಿವುಚಿ ಕೊಡಿ. ಮರಿ ಒಂದೂವರೆ ಕಿಲೋ ತೂಗಿದರೆ ದಿನಕ್ಕೆ ಒಣ ಆಹಾರ ಸುಮಾರು 70 ಗ್ರಾಂ ಸಾಕು. ಪ್ಯಾಕೆಟ್ ಹಿಂದೆ ತೂಕದ ಪಟ್ಟಿ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ಇನ್ನೊಂದು ದಾರಿ ಮನೆ ಊಟ. ಮೆತ್ತಗೆ ಬೆಂದ ಅನ್ನ ಒಂದು ಪಾಲು, ಮೂಳೆ ತೆಗೆದು ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ ಕೋಳಿ ಅಥವಾ ಬೆಂದ ಮೊಟ್ಟೆ ಒಂದು ಪಾಲು. ಉಪ್ಪು, ಖಾರ, ಒಗ್ಗರಣೆ ಏನೂ ಬೇಡ. ಹುಳಿಯಿಲ್ಲದ ಮೊಸರು ಒಂದು ಚಮಚ ಸೇರಿಸಬಹುದು. ಹಾಲು ಮೊಸರಾಗುವಾಗ ಆ ಸಕ್ಕರೆಯಲ್ಲಿ ಒಂದಷ್ಟು ಹೋಗಿರುತ್ತದೆ, ಹಾಗಾಗಿ ಮೊಸರು ಹಾಲಿನಷ್ಟು ತೊಂದರೆ ಕೊಡುವುದಿಲ್ಲ. ಭೇದಿ ನಿಂತು ಮರಿ ಗಟ್ಟಿಯಾದ ಮೇಲೆ ಬರೀ ಅನ್ನ-ಕೋಳಿಯಲ್ಲೇ ತಿಂಗಳುಗಟ್ಟಲೆ ಬೆಳೆಸಬೇಡಿ. ಅದರಲ್ಲಿ ಕ್ಯಾಲ್ಸಿಯಂ ಸಾಲುವುದಿಲ್ಲ. ನಿಧಾನವಾಗಿ ಮರಿ ಆಹಾರಕ್ಕೆ ಬದಲಾಯಿಸಿ, ಒಂದು ವಾರದಲ್ಲಿ ಹಳೆಯದು ಸ್ವಲ್ಪ ಸ್ವಲ್ಪ ಕಡಿಮೆ, ಹೊಸದು ಸ್ವಲ್ಪ ಸ್ವಲ್ಪ ಜಾಸ್ತಿ.

ದಿನಕ್ಕೆ ನಾಲ್ಕು ಸಲ ಕೊಡಿ. ಬೆಳಗ್ಗೆ ಏಳಕ್ಕೆ, ಹನ್ನೆರಡಕ್ಕೆ, ಐದಕ್ಕೆ, ರಾತ್ರಿ ಒಂಬತ್ತಕ್ಕೆ. ಮೂರು ತಿಂಗಳಾದ ಮೇಲೆ ಮೂರು ಸಲ, ಆರು ತಿಂಗಳಾದ ಮೇಲೆ ಎರಡು ಸಲ. ಒಂದು ಊಟಕ್ಕೆ ನಿಮ್ಮ ಚಿಕ್ಕ ಮಗುವಿನ ಒಂದು ಹಿಡಿಯಷ್ಟು. ಅದರ ಮೇಲೆ ಅದು ಎಷ್ಟೇ ಕುಂಯ್‌ಗುಟ್ಟಿದರೂ ಬೇಡ. ಕುಡಿಯುವ ನೀರು ಮಾತ್ರ ಯಾವಾಗಲೂ ಇರಲಿ.

ಈಗ ಆ ಗುಡಾಣದ ಹೊಟ್ಟೆ. ಅದು ಊಟದ ಹೊಟ್ಟೆ ಅಲ್ಲ, ಜಂತುಹುಳುವಿನ ಹೊಟ್ಟೆ. ದುಂಡುಹುಳು ತಾಯಿಯ ಗರ್ಭದಲ್ಲಿದ್ದಾಗಲೇ ಮರಿಗೆ ಬಂದು ಸೇರುತ್ತದೆ. ಹುಟ್ಟಿದ ಮೇಲೆ ತಾಯಿಯ ಹಾಲಿನಲ್ಲೂ ಬರುತ್ತದೆ. ಹಾಗಾಗಿ ಬೀದಿಯಿಂದ ಬಂದ ಮರಿಯಲ್ಲಿ ಹುಳು ಇದ್ದೇ ಇದೆ ಅಂತಲೇ ಇಟ್ಟುಕೊಳ್ಳಿ. ಹುಳುವಿನ ಔಷಧಿ ಎರಡನೇ ವಾರಕ್ಕೇ ಶುರು ಮಾಡಬೇಕಾದದ್ದು. ಎರಡು ವಾರಕ್ಕೊಮ್ಮೆ ಎರಡು ತಿಂಗಳವರೆಗೆ, ಆಮೇಲೆ ತಿಂಗಳಿಗೊಮ್ಮೆ ಆರು ತಿಂಗಳವರೆಗೆ, ಅದಾದ ಮೇಲೆ ಮೂರು ತಿಂಗಳಿಗೊಮ್ಮೆ. ನಿಮ್ಮದಕ್ಕೆ ಇನ್ನೂ ಒಂದೂ ಆಗಿಲ್ಲ. ಔಷಧಿ ತೂಕದ ಲೆಕ್ಕದಲ್ಲಿ ಕೊಡುವಂಥದ್ದು. ಮೆಡಿಕಲ್ ಶಾಪಿನಲ್ಲಿ ಕೇಳಿ ಅಂದಾಜಿನಲ್ಲಿ ಹಾಕಬೇಡಿ. ಮರಿಯನ್ನು ಪಶು ಆಸ್ಪತ್ರೆಗೆ ಒಯ್ದು ತೂಗಿಸಿ ಹಾಕಿಸಿ. ಮರುದಿನ ಶಾವಿಗೆಯ ಹಾಗೆ ಹುಳು ಬೀಳಬಹುದು, ಹೆದರಬೇಡಿ. ಮಕ್ಕಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಅದು ಹೊರಕ್ಕೆ ಹೋದದ್ದನ್ನು ಅವತ್ತೇ ಎತ್ತಿ ಹಾಕಬೇಕು. ಈ ಹುಳುವಿನ ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆ ಮನುಷ್ಯರಿಗೂ ತೊಂದರೆ ಕೊಡುತ್ತದೆ.

ಚಿಗಟಕ್ಕೆ ಫಿನಾಯಿಲ್ ಹಾಕಿ ಸ್ನಾನ ಮಾಡಿಸುವವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಸೀಮೆಎಣ್ಣೆ ಸವರುವವರೂ ಇದ್ದಾರೆ. ದಯವಿಟ್ಟು ಬೇಡ. ಅದು ಚರ್ಮದೊಳಗೆ ಇಳಿಯುತ್ತದೆ, ಮರಿ ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಬಿಸಿಲು ಬಂದಾಗ ಬಿಳಿ ಬಟ್ಟೆ ಹಾಸಿ ಮರಿಯನ್ನು ಕೂರಿಸಿ ಹೇನಿನ ಬಾಚಣಿಗೆಯಿಂದ ಬಾಚಿ. ಚಿಗಟವನ್ನು ಸೋಪಿನ ನೀರಿಗೆ ಹಾಕಿ. ಅಂಗಡಿಯ ಚಿಗಟದ ಔಷಧಿಗಳಲ್ಲಿ ಹೆಚ್ಚಿನವು ಎರಡು ತಿಂಗಳು ತುಂಬಿದ ಮರಿಗಳಿಗೆ ಮಾತ್ರ. ಡಾಕ್ಟರನ್ನು ಕೇಳಿಯೇ ಹಾಕಿ.

ಇನ್ನೊಂದು ಕೆಲಸ ಈ ಪತ್ರಿಕೆ ಕೆಳಗಿಟ್ಟ ತಕ್ಷಣ ಮಾಡಿ. ಮರಿಯನ್ನು ತೊಡೆ ಮೇಲೆ ಕೂರಿಸಿಕೊಂಡು ಮೇಲ್ತುಟಿ ಮೆಲ್ಲಗೆ ಎತ್ತಿ ಒಸಡು ನೋಡಿ. ನಸುಗೆಂಪಗೆ, ಒದ್ದೆಯಾಗಿ, ಹೊಳೆಯುತ್ತಿರಬೇಕು. ಹೆಬ್ಬೆರಳಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಚಿಗಟ, ಹುಳು ರಕ್ತ ಹೀರಿವೆ ಅಂತ ಅರ್ಥ. ಅಂಟಂಟಾಗಿ ಒಣಗಿದ್ದರೆ ಭೇದಿಯಲ್ಲಿ ನೀರು ಹೋಗಿದೆ. ಎರಡರಲ್ಲಿ ಯಾವುದಾದರೂ ಸರಿ, ನಾಳೆಗೆ ಕಾಯಬೇಡಿ. ಭೇದಿಯಲ್ಲಿ ರಕ್ತ ಕಂಡರೂ, ವಾಂತಿ ಶುರುವಾದರೂ, ಒಂದೆರಡು ಊಟ ಬಿಟ್ಟು ಮಂಕಾಗಿ ಮಲಗಿದರೂ ಹಾಗೇ. ದಾರಿಯಲ್ಲಿ ತೀರಾ ಸೋತು ಹೋದ ಹಾಗೆ ಕಂಡರೆ ಸಕ್ಕರೆ ನೀರನ್ನು ಬೆರಳಲ್ಲಿ ಒಸಡಿಗೆ ಉಜ್ಜಿ. ಬಾಯಿಗೆ ಸುರಿಯಬೇಡಿ.

ರಾತ್ರಿಯ ಅಳು ಹಟ ಅಲ್ಲಮ್ಮ. ಮೊನ್ನೆವರೆಗೂ ಅದು ನಾಲ್ಕೈದು ಮರಿಗಳ ನಡುವೆ, ತಾಯಿಯ ಹೊಟ್ಟೆಗೆ ಬೆನ್ನು ಒತ್ತಿಕೊಂಡು ಮಲಗಿತ್ತು. ಈಗ ವರಾಂಡದಲ್ಲಿ ಒಂಟಿ. ಡಬ್ಬವನ್ನು ನಿಮ್ಮ ಮಂಚದ ಪಕ್ಕದಲ್ಲೇ ಇಡಿ. ಒಳಗೆ ನಿಮ್ಮದೊಂದು ಹಳೆ ಹತ್ತಿ ಸೀರೆ ಮಡಿಸಿ ಹಾಕಿ. ತೊಳೆದದ್ದು ಬೇಡ, ಉಟ್ಟು ಬಿಟ್ಟದ್ದೇ ಇರಲಿ. ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಒಂದು ಮೂಲೆಗಿಡಿ. ಎದ್ದು ಕುಂಯ್ ಅಂದಾಗ ಕೈ ಇಳಿಬಿಟ್ಟರೆ ಸಾಕು, ನಿಮ್ಮ ಬೆರಳು ಮೂಸಿ ಮತ್ತೆ ಮಲಗುತ್ತದೆ. ಕೆಲವೇ ದಿನದಲ್ಲಿ ಅಳು ಕಡಿಮೆಯಾಗುತ್ತದೆ.

ಡಾಕ್ಟರ್ ಆಂಟಿ, ನಾನು ಎಂಟನೇ ಕ್ಲಾಸು. ನಾನು ಮತ್ತು ನನ್ನ ಫ್ರೆಂಡು ಸ್ಕೂಲ್ ಹಿಂದೆ ಇರುವ ಮರಿಗಳಿಗೆ ಅನ್ನ ಹಾಕ್ತೀವಿ. ಮೊನ್ನೆ ಒಂದು ಮರಿ ಆಟ ಆಡ್ತಾ ಬೆರಳು ಕಚ್ಚಿತು. ಸ್ವಲ್ಪ ರಕ್ತ ಬಂತು. ಮರಿ ಚಿಕ್ಕದು, ಎರಡು ತಿಂಗಳು ಇರಬಹುದು. ಚಿಕ್ಕ ಮರಿಗೆ ಹುಚ್ಚು ಇರಲ್ಲ ಅಲ್ವಾ? ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಮರಿಗಳನ್ನು ಓಡಿಸ್ತಾರೆ.
ವಿದ್ಯಾರ್ಥಿ

ಪುಟ್ಟಾ, ನಿನ್ನ ಪತ್ರ ಅಚ್ಚಾಗುವವರೆಗೆ ಕಾಯಲು ನನಗೆ ಆಗಲಿಲ್ಲ. ಕೆಳಗೆ ಬರೆದಿದ್ದ ನಂಬರಿಗೆ ಅವತ್ತೇ ಫೋನ್ ಮಾಡಿದೆ, ನಿನ್ನ ಅಮ್ಮನ ಹತ್ತಿರ ಮಾತಾಡಿದೆ. ಅವರು ನಿನ್ನನ್ನು ಬೈಯಲಿಲ್ಲ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಷ್ಟು ದಿನ ತಡವಾಗಿದ್ದರೂ ಚುಚ್ಚುಮದ್ದು ಹಾಕಿಸಿದ್ದು ಸರಿಯಾದ ಕೆಲಸ. ಉಳಿದವನ್ನು ಡಾಕ್ಟರು ಬರೆದುಕೊಟ್ಟ ದಿನಕ್ಕೆ ತಪ್ಪದೆ ಹಾಕಿಸಿಕೋ. ಒಂದೂ ಬಿಡಬಾರದು.

ಇಲ್ಲಿ ಬರೆಯುತ್ತಿರುವುದು ಬೇರೆ ಮಕ್ಕಳಿಗಾಗಿ, ಅವರ ಅಪ್ಪ ಅಮ್ಮಂದಿರಿಗಾಗಿ. ಮರಿಗೂ ರೇಬಿಸ್ ಬರುತ್ತದೆ. ಎರಡು ತಿಂಗಳ ಮರಿಗೆ ಆ ಲಸಿಕೆ ಆಗಿರುವುದೇ ಇಲ್ಲ, ಅದನ್ನು ಹಾಕುವುದು ಮೂರು ತಿಂಗಳಿಗೆ. ಹಲ್ಲು ತಾಗಿ ಚರ್ಮ ತರಚಿದರೂ ಸಾಕು, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ 15 ನಿಮಿಷ. ಆ ವೈರಸ್ಸಿನ ಹೊರಪೊರೆ ಕೊಬ್ಬಿನದ್ದು, ಸೋಪಿಗೆ ಒಡೆದು ಹೋಗುತ್ತದೆ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಏನೂ ಮೆತ್ತಬೇಡಿ. ಆಮೇಲೆ ನೇರ ಆಸ್ಪತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆಗೆ ದುಡ್ಡಿಲ್ಲ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಹಾಕುತ್ತಿದ್ದ ಕಾಲ ಹೋಗಿ ಎಷ್ಟೋ ವರ್ಷವಾಯಿತು. ಈಗ ತೋಳಿಗೆ, ಮೊದಲ ದಿನ, ಮೂರನೇ ದಿನ, ಏಳನೇ ದಿನ, ಹೀಗೆ ಕೆಲವೇ ಸಲ. ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಔಷಧಿ ಕೂಡ ಹಾಕುತ್ತಾರೆ. ನಾಯಿಯನ್ನು ಹತ್ತು ದಿನ ನೋಡೋಣ ಅಂತ ಚುಚ್ಚುಮದ್ದು ತಡ ಮಾಡಬೇಡಿ. ನೋಡುವುದನ್ನೂ ಮಾಡಿ, ಹಾಕಿಸುವುದನ್ನೂ ಮಾಡಿ. ರೋಗದ ಲಕ್ಷಣ ಕಾಣಿಸಿದ ಮೇಲೆ ಯಾರ ಕೈಯಲ್ಲೂ ಔಷಧಿ ಇಲ್ಲ.

ಮಕ್ಕಳು ಹೇಳದೆ ಮುಚ್ಚಿಡುವುದು ಬೈಗುಳದ ಹೆದರಿಕೆಗೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಕ್ಕಳಿಗೆ ಹೇಳಿಬಿಡಿ: ನಾಯಿ ಕಚ್ಚಿದರೆ ಬೈಯುವುದಿಲ್ಲ, ಮರಿಯನ್ನೂ ಓಡಿಸುವುದಿಲ್ಲ, ಬಂದು ಹೇಳು ಅಂತ.

ನಮ್ಮ ತೋಟದ ಮನೆಯ ನಾಯಿ ಮೂರು ಮರಿ ಹಾಕಿ ಒಂಬತ್ತನೇ ದಿನ ಹಾವು ಕಚ್ಚಿ ಸತ್ತು ಹೋಯಿತು. ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಹತ್ತಿಯಲ್ಲಿ ಹಾಲು ಅದ್ದಿ ಬಾಯಿಗೆ ಹಿಂಡುತ್ತಿದ್ದೇವೆ. ಬದುಕುತ್ತವೆಯೇ?
ಕೃಷಿಕರು, ಶಿರಸಿ ತಾಲ್ಲೂಕು

ಬದುಕಿಸಬಹುದು. ಮೂರು ವಾರ ನಿದ್ದೆ ಬಿಡಬೇಕಾಗುತ್ತದೆ. ಇವರಿಗೂ ಫೋನಿನಲ್ಲೇ ಹೇಳಿದ್ದೇನೆ. ಬೇರೆಯವರಿಗೂ ಬೇಕಾಗುತ್ತದೆ ಅಂತ ಬರೆಯುತ್ತಿದ್ದೇನೆ.

ಮೊದಲು ಕಾವು, ಆಮೇಲೆ ಹಾಲು. ಇದನ್ನು ತಿರುಗುಮುರುಗು ಮಾಡಬೇಡಿ. ಈ ವಯಸ್ಸಿನಲ್ಲಿ ಮರಿಗೆ ತನ್ನ ಮೈ ತಾನು ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಮೈ ತಣ್ಣಗಿದ್ದರೆ ಕರುಳು ಕೆಲಸ ಮಾಡುವುದಿಲ್ಲ, ಕುಡಿದ ಹಾಲು ಒಳಗೇ ಕೆಡುತ್ತದೆ. ಮರಿಯ ಬಾಯೊಳಗೆ ಕಿರುಬೆರಳು ಇಟ್ಟು ನೋಡಿ. ಬೆಚ್ಚಗಿದ್ದು ಚೀಪಿದರೆ ಹಾಲು ಕೊಡಿ. ತಣ್ಣಗಿದ್ದರೆ ಎದೆಗೆ ಅವಚಿಕೊಂಡು ಮೊದಲು ಬೆಚ್ಚಗೆ ಮಾಡಿ. ಆಳವಾದ ಡಬ್ಬದ ಒಂದು ತುದಿಗೆ ಮಾತ್ರ ಬಲ್ಬು ಇಳಿಬಿಡಿ, ಇನ್ನೊಂದು ತುದಿ ಹಾಗೇ ಇರಲಿ. ಸೆಖೆ ಆದರೆ ಮರಿಗಳೇ ತೆವಳಿಕೊಂಡು ಆಚೆ ಹೋಗುತ್ತವೆ. ಮೂರೂ ಒಂದರ ಮೇಲೊಂದು ಬಿದ್ದುಕೊಂಡು ಅಳುತ್ತಿದ್ದರೆ ಚಳಿ. ದೂರ ದೂರ ಚಾಚಿಕೊಂಡು ಏದುತ್ತಿದ್ದರೆ ಸೆಖೆ. ಅಕ್ಕಪಕ್ಕ ಒರಗಿ ನಿದ್ದೆ ಮಾಡುತ್ತಿದ್ದರೆ ಸರಿಯಾಗಿದೆ.

ಹಾಲಿಗೆ, ನಾಯಿಮರಿಗಳಿಗೆಂದೇ ಬರುವ ಹಾಲಿನ ಪುಡಿ ತರಿಸಿ. ಅದು ಕೈಗೆ ಬರುವವರೆಗೆ, ಒಂದೆರಡು ದಿನ ಮಾತ್ರ, ಕಾಲು ಲೀಟರ್ ನೀರು ಬೆರೆಸದ ಹಾಲಿಗೆ ಎರಡು ಮೊಟ್ಟೆಯ ಹಳದಿ, ಒಂದು ಚಮಚ ಅಡುಗೆ ಎಣ್ಣೆ ಹಾಕಿ ಚೆನ್ನಾಗಿ ಕದಡಿ ಸೋಸಿ, ಮೈ ಬಿಸಿಗೆ ಬೆಚ್ಚಗೆ ಮಾಡಿ ಕೊಡಿ. ಹತ್ತಿಯಲ್ಲಿ ಹಿಂಡುವುದು ಬೇಡ. ಎಷ್ಟು ಹೋಯಿತು ಗೊತ್ತಾಗುವುದಿಲ್ಲ, ಹತ್ತಿಯ ಎಳೆಯೂ ಹೋಗುತ್ತದೆ. ಮರಿಗಳ ಫೀಡಿಂಗ್ ಬಾಟಲಿ ಸಿಗುತ್ತದೆ. ಸಿಗದಿದ್ದರೆ ಸೂಜಿ ತೆಗೆದ ಸಿರಿಂಜಿನಲ್ಲಿ ಹನಿ ಹನಿಯಾಗಿ ಕೊಡಿ. ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ.

ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು. ನಾಯಿಮರಿ ಹೊಟ್ಟೆ ಕೆಳಗೆ ಮಾಡಿಕೊಂಡು, ತಲೆ ಸ್ವಲ್ಪ ಎತ್ತಿ ಕುಡಿಯುತ್ತದೆ, ತಾಯಿಯ ಹತ್ತಿರ ಇದ್ದ ಹಾಗೇ. ಅಂಗಾತ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗಿನಲ್ಲಿ ಹಾಲು ಗುಳ್ಳೆ ಬಂದರೆ ತಕ್ಷಣ ನಿಲ್ಲಿಸಿ, ತಲೆ ತಗ್ಗಿಸಿ ಒರೆಸಿ. ಅನಾಥ ಮರಿಗಳು ಹಸಿವಿನಿಂದ ಸತ್ತದ್ದಕ್ಕಿಂತ ಹೀಗೆ ಕುಡಿಸಿ ಸತ್ತದ್ದನ್ನೇ ನಾನು ಜಾಸ್ತಿ ನೋಡಿದ್ದೇನೆ.

ಕುಡಿದ ಮೇಲೆ ಇನ್ನೊಂದು ಕೆಲಸ ಇದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಹೊಟ್ಟೆಯ ಕೆಳಗೆ, ಬಾಲದ ಬುಡದಲ್ಲಿ ಮೆಲ್ಲಗೆ ಸವರಬೇಕು. ಆಗಲೇ ಅವು ಉಚ್ಚೆ, ಕಕ್ಕ ಮಾಡುವುದು. ತಾಯಿ ನಾಲಿಗೆಯಲ್ಲಿ ನೆಕ್ಕಿ ಮಾಡುವ ಕೆಲಸ ಅದು. ಮೂರು ವಾರದವರೆಗೆ ಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ತೂಕ ದಿನಾ ಸ್ವಲ್ಪವಾದರೂ ಏರಬೇಕು. ಒಂದು ದಿನ ಏರದೆ ನಿಂತರೂ ಡಾಕ್ಟರಿಗೆ ತೋರಿಸಿ.

ಇಷ್ಟರ ನಡುವೆ ಊರಿನಲ್ಲಿ ವಿಚಾರಿಸಿ. ಹಾಲೂಡುತ್ತಿರುವ ಇನ್ನೊಂದು ನಾಯಿ ಇದ್ದರೆ, ಅದರ ಮರಿಗಳ ಹಾಸಿಗೆ ಬಟ್ಟೆಯಿಂದ ಈ ಮರಿಗಳ ಮೈ ಒರೆಸಿ ಹತ್ತಿರ ಬಿಟ್ಟು ನೋಡಿ. ಎಷ್ಟೋ ತಾಯಂದಿರು ನೆಕ್ಕಿ ಸೇರಿಸಿಕೊಳ್ಳುತ್ತಾರೆ. ಇಂಥ ಮೂರು ಮರಿಗಳನ್ನು ಒಂದು ಕುರುಬರ ಹಟ್ಟಿಯ ನಾಯಿ ತನ್ನ ಐದರ ಜೊತೆ ಸಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಸರದಿಯ ಮೇಲೆ ಅಲ್ಲ, ಎಂಟೂ ಒಟ್ಟಿಗೆ.

ನಮ್ಮದು ಸಸ್ಯಾಹಾರಿ ಮನೆ. ಮಗಳ ಆಸೆಗೆ ಮರಿ ತಂದಿದ್ದೇವೆ. ಮೊಟ್ಟೆಯೂ ತರುವುದಿಲ್ಲ. ರಾಗಿ ಗಂಜಿ, ಅನ್ನ ಸಾರು ಹಾಕಿ ಬೆಳೆಸಬಹುದೇ?
ನಿವೃತ್ತ ಶಿಕ್ಷಕರು, ಮೈಸೂರು

ಮೇಷ್ಟ್ರೇ, ರಾಗಿಯ ಬಗ್ಗೆ ನನಗೆ ಗೌರವ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅಕ್ಕಿ ಗೋಧಿಯಲ್ಲಿ ಅಷ್ಟಿಲ್ಲ. ಆದರೆ ಅದರಲ್ಲಿ ಪ್ರೋಟೀನ್ 7 ಗ್ರಾಂ ಅಷ್ಟೇ. ಬೆಳೆಯುವ ಮರಿಯ ಊಟದಲ್ಲಿ, ನೀರಿನಂಶ ಬಿಟ್ಟು, ನೂರಕ್ಕೆ 22 ಪಾಲಾದರೂ ಪ್ರೋಟೀನ್ ಬೇಕು. ಗಂಜಿ-ಅನ್ನದಲ್ಲಿ ಅದು ಹೇಗೂ ಬರುವುದಿಲ್ಲ. ಹಾಗೆ ಬೆಳೆದ ಮರಿಗಳು ಕಾಲು ಸೊಟ್ಟಗಾಗಿ, ಕೂದಲು ಉದುರಿ ನನ್ನ ಹತ್ತಿರ ಬಂದಿವೆ. ನಾಯಿ ಬೆಕ್ಕಿನಷ್ಟು ಮಾಂಸವನ್ನೇ ನೆಚ್ಚಿದ ಪ್ರಾಣಿ ಅಲ್ಲ, ನಿಜ. ಆದರೆ ಮೊದಲ ಒಂದು ವರ್ಷ ಅಂದಾಜಿನ ಮೇಲೆ ನಡೆಸುವುದು ಬೇಡ. ಅಡುಗೆಮನೆಗೆ ಮಾಂಸ, ಮೊಟ್ಟೆ ಬರಬೇಕಾಗಿಲ್ಲ. ಬೆಳೆಯುವ ಮರಿಗೆ ಪೂರ್ಣ ಆಹಾರ ಅಂತ ಬರೆದ ಪ್ಯಾಕೆಟ್ ತಂದು, ಅದರ ತಟ್ಟೆ ಬೇರೆ ಇಟ್ಟು, ಹೊರಗೆ ಹಾಕಿ. ಸಸ್ಯಾಹಾರದ್ದೂ ಸಿಗುತ್ತದೆ, ಅದರಲ್ಲೂ ಮರಿಗಳಿಗೆ ಪೂರ್ಣ ಅಂತ ಇದೆಯೇ ನೋಡಿ. ಅದನ್ನೇ ಆರಿಸುವುದಾದರೆ ಎರಡು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಿ. ಗಂಜಿ, ಮೊಸರು, ಉಪ್ಪಿಲ್ಲದ ಪನೀರ್ ಮೇಲೆ ಸ್ವಲ್ಪ ಕೊಟ್ಟುಕೊಳ್ಳಿ.

ಸಾರು ಮಾತ್ರ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಗ್ಗರಣೆ ಹಾಕಿದರೂ ಅಷ್ಟೇ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಹಬ್ಬದ ದಿನ ಪಾಯಸದ ಪಾತ್ರೆ ನೆಕ್ಕಲು ಬಿಡುವಾಗ ಇದು ನೆನಪಿರಲಿ. ಚಾಕೊಲೇಟ್, ಕಾಫಿ, ಚಹಾ ಬೇಡ. ಮರಿ ಮಂಕಾಗಿದೆ ಅಂತ ಮನೆಯಲ್ಲಿರುವ ಜ್ವರದ ಮಾತ್ರೆ ಕೊಡಬೇಡಿ. ಮನುಷ್ಯರ ಪ್ಯಾರಸಿಟಮಾಲ್, ನೋವಿನ ಮಾತ್ರೆಗಳಿಂದ ಮರಿ ಸಾಯಬಹುದು.

ಮುಧೋಳದಿಂದ ಮುಧೋಳ ತಳಿಯ ಮರಿ ತಂದು ಮೂರು ತಿಂಗಳಾಯಿತು. ಚೆನ್ನಾಗಿ ತಿನ್ನುತ್ತದೆ. ಆದರೂ ಪಕ್ಕೆಲುಬು ಕಾಣುತ್ತದೆ. ನೆಂಟರೆಲ್ಲ ಉಪವಾಸ ಕೆಡವಿದ್ದೀರಿ ಅಂತಾರೆ. ಕ್ಯಾಲ್ಸಿಯಂ ಪುಡಿ ಶುರು ಮಾಡಿದ್ದೇನೆ. ದಿನಾ ಬೈಕ್ ಹಿಂದೆ ಓಡಿಸುತ್ತೇನೆ.
ಓದುಗರು, ಹುಬ್ಬಳ್ಳಿ

ನೆಂಟರ ಮಾತು ಬಿಡಿ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚೀಟಿ ತಂದಿತ್ತು. ಅದರಲ್ಲೂ ಅದು ನಡು ಸಣ್ಣಗೆ, ಎದೆ ಆಳವಾಗಿಯೇ ಇದೆ. ಬೇಟೆಯ ಹಿಂದೆ ಓಡಲು ಬೆಳೆದ ಮೈ ಅದು. ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ತಪ್ಪಿಲ್ಲ. ಸೊಂಟದ ಮೂಳೆ ಚೂಪಾಗಿ ಎದ್ದಿದ್ದರೆ, ತೊಡೆ ಒಣಗಿದ್ದರೆ ಆಗ ಯೋಚಿಸಿ. ಮರಿ ಆಹಾರ ಹಾಕುತ್ತಿದ್ದರೆ ಕ್ಯಾಲ್ಸಿಯಂ ಪುಡಿ ನಿಲ್ಲಿಸಿ. ಎತ್ತರ ಬೆಳೆಯುವ ನಾಯಿಗೆ ಅದು ಹೆಚ್ಚಾದರೂ ಮೂಳೆ ಕೆಡುತ್ತದೆ. ಬೈಕ್ ಓಟ ಇವತ್ತಿಗೇ ಸಾಕು. ಮೂಳೆಯ ತುದಿಗಳು ಗಟ್ಟಿಯಾಗಲು ಒಂದು ವರ್ಷದ ಮೇಲೆ ಬೇಕು. ಅಲ್ಲಿಯವರೆಗೆ ಬಯಲಿನಲ್ಲಿ ತನಗೆ ತಾನೇ ಓಡಲಿ, ಸುಸ್ತಾದಾಗ ತಾನೇ ನಿಲ್ಲಲಿ. ಈ ತಳಿಗೆಂದೇ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಕೇಂದ್ರ ಇದೆ. ಒಮ್ಮೆ ಮರಿಯನ್ನು ಕರೆದುಕೊಂಡು ಹೋಗಿ ಬನ್ನಿ.

ಎರಡು ತಿಂಗಳ ಹಿಂದೆ ನಮ್ಮ ಮರಿ ಪಾರ್ವೋ ಅನ್ನುವ ವಾಂತಿ-ರಕ್ತಭೇದಿಯ ರೋಗ ಬಂದು ಮೂರೇ ದಿನದಲ್ಲಿ ಹೋಯಿತು. ಮಗ ಊಟ ಬಿಟ್ಟಿದ್ದಾನೆ. ಗೆಳೆಯರ ಮನೆಯಲ್ಲಿ 45 ದಿನದ ಮರಿಗಳಿವೆ, ಒಂದು ಕೊಡುತ್ತೇವೆ ಅಂತಾರೆ. ಮನೆಯೆಲ್ಲ ಫಿನಾಯಿಲ್ ಹಾಕಿ ತೊಳೆದಿದ್ದೇವೆ. ತರಬಹುದೇ?
ಓದುಗರು, ಹಾಸನ

ಈಗ ತರಬೇಡಿ. ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಕಲೇಶಪುರದ ಕಡೆ ಕ್ವಾರ್ಟರ್ಸಿನಲ್ಲಿದ್ದೆ. ಕೆಂಚ ಅಂತ ಒಂದು ಮರಿ. ಒಂದು ಬೆಳಗ್ಗೆ ನೊರೆ ನೊರೆ ವಾಂತಿ ಮಾಡಿತು. ಸಂಜೆಗೆ ರಕ್ತಭೇದಿ. ಆ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಡ್ರಿಪ್ ಹಾಕಿ ರಾತ್ರಿಯೆಲ್ಲ ಪಕ್ಕದಲ್ಲಿ ಕೂತೆ. ನಾಲ್ಕನೇ ದಿನ ಹೋಯಿತು. ಮನೆ, ಅಂಗಳ ಎಲ್ಲ ಫಿನಾಯಿಲ್ ಹಾಕಿ ತೊಳೆದೆ. ಒಂದೂವರೆ ತಿಂಗಳಿಗೆ ಇನ್ನೊಂದು ಮರಿ ತಂದೆ. ಒಂದು ಲಸಿಕೆ ಆಗಿದೆ ಅಂತ ಧೈರ್ಯ. ಅಂಗಳದ ಮೂಲೆಯಲ್ಲಿ ನಲ್ಲಿ ಇತ್ತು, ಬಿಸಿಲು ಬೀಳದ ಜಾಗ. ಕೆಂಚ ಅಲ್ಲೇ ಮಲಗುತ್ತಿತ್ತು. ಹೊಸ ಮರಿಯೂ ಅಲ್ಲೇ ಮೂಸಿ ಮೂಸಿ ಮಲಗಿತು. ಎಂಟು ದಿನದೊಳಗೆ ಅದೇ ವಾಂತಿ, ಅದೇ ವಾಸನೆ. ಅದನ್ನೂ ಉಳಿಸಿಕೊಳ್ಳಲು ಆಗಲಿಲ್ಲ. ಡಾಕ್ಟರಾಗಿದ್ದೂ ಆತುರ ಮಾಡಿದೆ ಅನ್ನುವ ನೋವು ನನಗೆ ಇವತ್ತಿಗೂ ಇದೆ.

ಪಾರ್ವೋ ವೈರಸ್ ಫಿನಾಯಿಲ್‌ಗೆ ಜಗ್ಗುವುದಿಲ್ಲ. ನೆರಳಿರುವ, ತೇವ ಇರುವ ಮಣ್ಣಿನಲ್ಲಿ ಒಂದು ವರ್ಷ ಬದುಕಿರುತ್ತದೆ. ನೆಲ, ತಟ್ಟೆ, ಬಚ್ಚಲಿಗೆ ಕೆಲಸ ಮಾಡುವುದು ಬ್ಲೀಚ್ ದ್ರಾವಣ. ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು. ಮೊದಲು ಸೋಪಿನಲ್ಲಿ ಕೊಳೆ ತೆಗೆದು, ಆಮೇಲೆ ಇದನ್ನು ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಫಿನಾಯಿಲ್, ಆ್ಯಸಿಡ್ ಜೊತೆ ಇದನ್ನು ಬೆರೆಸಬೇಡಿ, ವಿಷದ ಹೊಗೆ ಬರುತ್ತದೆ. ಹಳೆ ಹಾಸಿಗೆ, ಬೆಲ್ಟು, ಆಟದ ಚೆಂಡು ಸುಟ್ಟುಬಿಡಿ. ಅಂಗಳದ ಮಣ್ಣನ್ನು ಮಾತ್ರ ಬ್ಲೀಚ್ ಹಾಕಿ ಶುದ್ಧ ಮಾಡಲು ಆಗುವುದಿಲ್ಲ.

ಒಂದು ಲಸಿಕೆ ಯಾಕೆ ಸಾಲದು ಅಂತ ಕೇಳುತ್ತೀರಿ. ಮರಿಗೆ ತಾಯಿಯ ಮೊದಲ ಹಾಲಿನಲ್ಲಿ ರೋಗ ತಡೆಯುವ ಶಕ್ತಿ ಸ್ವಲ್ಪ ಬಂದಿರುತ್ತದೆ. ಆ ಶಕ್ತಿ ಇರುವವರೆಗೆ ಲಸಿಕೆಯನ್ನೂ ಅದು ತಿಂದುಹಾಕುತ್ತದೆ. ಅದು ಇಳಿಯುವುದು ಒಂದು ಮರಿಯಲ್ಲಿ ಎಂಟು ವಾರಕ್ಕೆ, ಇನ್ನೊಂದರಲ್ಲಿ ಹದಿನಾಲ್ಕಕ್ಕೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಆರರಿಂದ ಎಂಟನೇ ವಾರದಲ್ಲಿ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರದವರೆಗೂ ಹಾಕಿಸುವುದು. ನಡುವೆ ಒಂದು ಬಿಟ್ಟರೂ ಬಾಗಿಲು ತೆರೆದಿಟ್ಟ ಹಾಗೆ.

45 ದಿನದ ಮರಿ ತಾಯಿಯ ಹತ್ತಿರವೇ ಇರಲಿ. ಎರಡು ತಿಂಗಳು ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರೆ ಮಾಡಬಾರದು. ಎಂಟು ವಾರ ಆಗದ ಮರಿಯನ್ನು ಮಾರಬಾರದು ಅಂತ ಕೇಂದ್ರ ಸರ್ಕಾರದ 2017ರ ನಿಯಮವೇ ಇದೆ. ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಅದು ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ. ನಿಮ್ಮ ಗೆಳೆಯರಿಗೆ ಹೇಳಿ, ಒಂದು ಮರಿಯನ್ನು ನಿಮ್ಮ ಹೆಸರಿನಲ್ಲಿ ಅಲ್ಲೇ ಇಟ್ಟುಕೊಳ್ಳಲಿ. ಲಸಿಕೆಯ ಖರ್ಚು ನೀವು ಕೊಡಿ. ಹದಿನಾರನೇ ವಾರದ ಲಸಿಕೆಯೂ ಮುಗಿದು ಎರಡು ವಾರ ಆದ ಮೇಲೆ ಮನೆಗೆ ತನ್ನಿ. ಅಲ್ಲಿಯವರೆಗೆ ಪ್ರತಿ ಭಾನುವಾರ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಹೋಗುವಾಗ ಅಂಗಳದಲ್ಲಿ ಓಡಾಡಿದ ಚಪ್ಪಲಿ ಬೇಡ, ಒಗೆದ ಬಟ್ಟೆ ಇರಲಿ, ಗೇಟಿನಲ್ಲೇ ಸೋಪು ಹಾಕಿ ಕೈಕಾಲು ತೊಳೆದುಕೊಂಡು ಒಳಗೆ ಹೋಗಿ. ಮರಿಗೆ ಊಟ ಹಾಕುವುದು, ತೂಗಿ ಬರೆದಿಡುವುದು ಮಗನದೇ ಕೆಲಸ ಆಗಲಿ. ಒಂದು ಸಣ್ಣ ನೋಟ್‌ಬುಕ್ ಕೊಡಿಸಿ. ಮೊದಲ ಪುಟದಲ್ಲಿ ಲಸಿಕೆಯ ತಾರೀಖುಗಳನ್ನು ಅವನ ಕೈಯಲ್ಲೇ ಬರೆಸಿ.